ಎಲ್ಲರ ಫೋನಿನಲ್ಲೂ ಪೀರಾನ್ ಸಾಬರು

ಹೋದ ವಾರ ಕನಕಪುರದಿಂದ ರಾಮನಗರಕ್ಕೆ ಬರುವ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನ ತೊಡೆಯ ಮೇಲೆ ರೇಷ್ಮೆಗೂಡಿನ ಚೀಲ ಇಟ್ಟುಬಿಟ್ಟರು. ಚೀಲ ಅಂದರೆ ಚೀಲವಲ್ಲ, ಗಂಡಿನ ಕಡೆಯವರೆಲ್ಲ ಮಲಗಬಹುದಾದ ಹಾಸಿಗೆ. ಕಿಟಕಿ ಕಾಣಲಿಲ್ಲ, ಕಂಡಕ್ಟರ್ ಕಾಣಲಿಲ್ಲ, ಹಾಗಾಗಿ ಟಿಕೆಟ್ ತೆಗೆದುಕೊಳ್ಳುವುದು ಸ್ವಲ್ಪ ತಡವಾಯಿತು. ಮುಖದ ತುಂಬ ಅದೇ ವಾಸನೆ. ಒದ್ದೆ ಬಟ್ಟೆ, ಹಿಪ್ಪುನೇರಳೆ ಸೊಪ್ಪು, ಹಸಿ ಕಡಲೆಕಾಯಿ, ಎಲ್ಲ ಸೇರಿಸಿ ಬಾಗಿಲು ಹಾಕಿದ ಹಾಗೆ. ಬೇರೆಯವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ನೆಟ್‌ವರ್ಕ್ ಸ್ವಿಚ್ಚು ನೆನಪಾಯಿತು. ಈ ವಾಸನೆಗೆ ಸ್ವಿಚ್ಚು ನೆನಪಾಗುವವರು ಭೂಮಿಯ ಮೇಲೆ ಇಬ್ಬರೇ. ಒಬ್ಬ ನಾನು, ಇನ್ನೊಬ್ಬರು ರೆಹಾನಕ್ಕ.

ನಾನು ಆಗ ಡಿಪ್ಲೊಮಾ ಓದುತ್ತಿದ್ದೆ. ಆಷಾಢದಲ್ಲಿ ಎಲ್ಲಾದರೂ ತರಬೇತಿಗೆ ಹೋಗಬೇಕು ಎಂದು ಕಾಲೇಜಿನಲ್ಲಿ ಹೇಳಿದರು. ಕ್ಲಾಸಿನವರೆಲ್ಲ ಬಿಡದಿಯ ಫ್ಯಾಕ್ಟರಿಗಳಿಗೆ ಓಡಿದರು. ನಾನು ಮಾಗಡಿ ರಸ್ತೆಯಲ್ಲಿದ್ದ ರೆಹಾನಕ್ಕನ ಅಂಗಡಿಗೆ ಹೋದೆ. ಕ್ಯಾಮೆರಾ ಹಾಕುವುದು, ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಕೆಲಸ ಎಂದು ಬೋರ್ಡು. ಯಾಕೆ ಅಲ್ಲಿಗೇ ಹೋದೆ ಎಂದು ಕೇಳಿದರೆ ಕಲಿಯುವ ಆಸೆ ಎನ್ನುತ್ತೇನೆ. ಬಸ್ ಸ್ಟಾಪಿನ ಎದುರಿಗೇ ಇತ್ತು, ಒಳಗೆ ಫ್ಯಾನು ಇತ್ತು, ಇದನ್ನು ಕಾಲೇಜಿನ ವರದಿಯಲ್ಲಿ ಬರೆಯಲಿಲ್ಲ.

ರೆಹಾನಕ್ಕ ರೀಲರ್ ಮನೆಯ ಮಗಳು. ರೀಲರ್ ಅಂದರೆ ಗೂಡು ಕೊಂಡು, ಬಿಸಿನೀರಿನಲ್ಲಿ ಹಾಕಿ, ನೂಲು ತೆಗೆಯುವವರು. ಅವರು ಅಬ್ಬಾ ಎಂದು ಕರೆಯುವ ತಂದೆ ಪೀರಾನ್ ಸಾಬರು ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳು ತನ್ನ ಜಾತಕ ಹೇಳುತ್ತಿತ್ತು. ಇದು ಒಸಿ ಜಾಸ್ತಿಯಾಯಿತು. ಆದರೆ ಇದು ಜಾಸ್ತಿಯಲ್ಲ: ಪೇಟೆಯಲ್ಲಿ ಯಾರು ಹೊಸ ಒಲೆ ಹಚ್ಚಿದರೂ, ಹೊಸ ಗಾಡಿ ತಂದರೂ ಸಾಬರ ಕೈಯಲ್ಲೇ ಬೋಣಿ ಮಾಡಿಸುತ್ತಿದ್ದರು. ಅವರ ಕೈಗುಣ ಒಳ್ಳೆಯದು ಎಂಬ ಮಾತು ಹಿಂದೂ ಮನೆಗಳಲ್ಲೂ ಇತ್ತು, ಮುಸ್ಲಿಮರ ಮನೆಗಳಲ್ಲೂ ಇತ್ತು. ನಮ್ಮ ಅಜ್ಜಿ ಹೊಸ ಎಮ್ಮೆ ತಂದಾಗ ತನ್ನೂರು ಕೈಲಾಂಚದಿಂದ ಹೇಳಿಕಳಿಸಿ ಅವರಿಂದ ಮೊದಲ ಹಿಡಿ ಹುಲ್ಲು ತಿನ್ನಿಸಿದ್ದಳು. ಎಮ್ಮೆ ಇವತ್ತಿಗೂ ಬೇರೆ ಯಾರು ಹುಲ್ಲು ಕೊಟ್ಟರೂ ಮುಖ ನೋಡಿ ತಿನ್ನುತ್ತದೆ.

ಆ ಆಷಾಢದಲ್ಲಿ ರೆಹಾನಕ್ಕನಿಗೆ ಸಿಕ್ಕಿದ್ದು ಗೂಡಿನ ಸಂಘದ ಹರಾಜು ಹಾಲಿನ ಕೆಲಸ. ಅಲ್ಲಿ ರೀಲರುಗಳು ಬಿನ್ನು ಎಂಬ ತೊಟ್ಟಿಯಲ್ಲಿ ಒಬ್ಬೊಬ್ಬ ರೈತನದು ಒಂದೊಂದು ಲಾಟು ಎಂದು ಹರವಿದ ಗೂಡು ನೋಡಿ, ಫೋನಿನಲ್ಲಿ ಬೆಲೆ ಒತ್ತುತ್ತಾರೆ. ಅದಕ್ಕೆ ಹಾಲಿನ ವೈಫೈ ಬೇಕು. ಆ ವೈಫೈನ ಪಾಸ್‌ವರ್ಡು ಎದುರಿನ ಟೀ ಅಂಗಡಿಯಲ್ಲಿ ಬೋಂಡದ ರೇಟಿನ ಕೆಳಗೆ ಬರೆದಿತ್ತು. ಟೀ ಕುಡಿಯುವವರು ಸಿನಿಮಾ ನೋಡುತ್ತಿದ್ದರೆ ಒಳಗೆ ಹರಾಜು ತೆವಳುತ್ತಿತ್ತು. ಪಕ್ಕದ ಕಟಿಂಗ್ ಶಾಪಿನವರಂತೂ ಇನ್ನೂ ಮುಂದೆ ಹೋಗಿ, ಹಾಲಿನ ಹಿಂದಿನ ಗೋಡೆಯ ಪೋರ್ಟಿಗೆ ನೇರ ವೈರು ಚುಚ್ಚಿಕೊಂಡು ಟಿವಿ ಹಾಕಿಕೊಂಡಿದ್ದರು. ಗಿರಾಕಿ ಶೇವಿಂಗಿಗೆ ಕೂತರೆ ರೈತನ ಲಾಟು ನಿಲ್ಲುತ್ತಿತ್ತು.

ರೆಹಾನಕ್ಕ ಹೇಳಿದ ಪರಿಹಾರ ಸುಲಭ. ವೈರಿನ ಪ್ರತಿ ಪೋರ್ಟಿಗೂ, ವೈಫೈಗೂ ಒಂದೇ ಕಾನೂನು. ಹೆಸರು ಹೇಳದೆ ಯಾರೂ ಒಳಗೆ ಬರುವ ಹಾಗಿಲ್ಲ. ಎಲ್ಲರಿಗೂ ಒಂದೇ ಪಾಸ್‌ವರ್ಡು ಅಲ್ಲ, ಒಬ್ಬೊಬ್ಬರಿಗೆ ಅವರವರದು. ಹೇಳುವುದು ಸುಲಭ. ಸಂಘದ ಸೆಕ್ರೆಟರಿ ಬೋರೇಗೌಡರಿಗೆ ಅರ್ಥ ಮಾಡಿಸುವುದು ಕಷ್ಟ.

"ಅಲ್ಲ ಕಣಮ್ಮ, ಗೋಡೇಲಿರೋ ತೂತು ಹೆಂಗಮ್ಮ ಹೆಸ್ರು ಕೇಳ್ತದೆ?" ಎಂದರು ಬೋರೇಗೌಡರು.

ಆಗ ಮಧ್ಯೆ ಬಾಯಿ ಹಾಕಿದವನು ನಾನು. ನಮ್ಮ ಅಜ್ಜಿಯ ಹುಳದ ಮನೆಯ ಉದಾಹರಣೆ ಕೊಟ್ಟೆ. ಹುಳು ಸಾಕುವ ಮನೆಯ ಬಾಗಿಲಲ್ಲಿ ನಮ್ಮ ಚಿಕ್ಕಮ್ಮ ನಿಂತಿರುತ್ತಾಳೆ. ಬ್ಲೀಚಿಂಗ್ ಪುಡಿ ನೀರಿನಲ್ಲಿ ಕಾಲು ಅದ್ದಿಸುತ್ತಾಳೆ, ಆದರೆ ಒಳಗೆ ಬಿಡುವ ಅಧಿಕಾರ ಅವಳದಲ್ಲ. "ಅತ್ತೇ, ಪಕ್ಕದೂರಿನ ನಿಂಗಣ್ಣ ಬಂದವ್ನೆ" ಎಂದು ಒಳಕ್ಕೆ ಕೂಗುತ್ತಾಳೆ. ಕತ್ತಲೆಯೊಳಗಿಂದ ಅಜ್ಜಿಯ ಧ್ವನಿ ಬರುತ್ತದೆ. "ಅವ್ನ ಮನೇಲಿ ಹುಳಕ್ಕೆ ಸುಣ್ಣಕಟ್ಟು ರೋಗ ಬಂದಿತ್ತು. ಜಗ್ಲಿ ಮ್ಯಾಲೆ ಕೂರ್ಸು, ಕಾಪಿ ಕೊಡು, ಒಳೀಕೆ ಬುಡಬ್ಯಾಡ." ಬಂದವನು ಫೋನು. ಚಿಕ್ಕಮ್ಮ ಪೋರ್ಟು. ಒಳಗಿರುವ ಅಜ್ಜಿ ಸರ್ವರು, ಎಲ್ಲರ ಹೆಸರಿನ ಪಟ್ಟಿ ಇಟ್ಟುಕೊಂಡ ಕಂಪ್ಯೂಟರು. ಜಗಲಿ ಬೇರೆ ನೆಟ್‌ವರ್ಕು, ಅಲ್ಲಿ ಕೂತವನು ದಿನದ ರೇಟು ನೋಡಬಹುದು, ಹರಾಜಿಗೆ ಕೈ ಹಾಕುವ ಹಾಗಿಲ್ಲ.

ಬೋರೇಗೌಡರು ಹುಬ್ಬು ಇಳಿಸಿದರು. "ಹಂಗನ್ನು ಮತ್ತೆ. ನಿಮ್ಮಜ್ಜಿ ಇದ್ದಂಗೆ. ಅಂಗಾರೆ ಕಟಿಂಗ್ ಶಾಪ್ನೋನು ಕೆಟ್ಟ."

ಆದರೂ ಅವರು ಒಂದು ಷರತ್ತು ಇಟ್ಟರು. ಆಷಾಢದಲ್ಲಿ ಚಾಲೂ ಮಾಡುವಂತಿಲ್ಲ, ಶ್ರಾವಣದ ಮೊದಲ ಹರಾಜಿಗೇ ಆಗಬೇಕು. "ಅವತ್ತಿನ ಗೂಡು ಅವತ್ತೇ ಮಾರಾಟ ಆಗ್ಬೇಕು. ಒಬ್ಬ ರೈತ ಗೂಡು ವಾಪಸ್ ಹೊತ್ಕೊಂಡು ಹೋದ ಅಂದ್ರೂ ಎಲ್ಲ ಬಿಚ್ಚಾಕ್ಬುಡ್ತೀನಿ. ಸಾಬ್ರು ಮಾತು ಕೊಟ್ಟವ್ರೆ ಅಂತ ನಿಮಗ್ ಕೊಟ್ಟಿರೋದು, ತಿಳ್ಕೊಳಿ."

ಅದೇ ರೆಹಾನಕ್ಕನಿಗೆ ಚುಚ್ಚಿದ್ದು. ಅದುವರೆಗೆ ಪೇಟೆಯವರು ಅವರಿಗೆ ಕೊಡುತ್ತಿದ್ದದ್ದು ಕ್ಯಾಮೆರಾ ಒರೆಸುವ ಕೆಲಸ. ಇದು ಕೆಟ್ಟರೆ ಮಗಳ ಆಟಕ್ಕೆ ಅಪ್ಪನ ಮಾತು ಹೋಯಿತು ಎನ್ನುತ್ತಾರೆ, ಆಮೇಲೆ ಬೋರ್ಡಿನಲ್ಲಿ ನೆಟ್‌ವರ್ಕ್ ಕೆಲಸ ಎಂಬ ಸಾಲನ್ನು ಅಳಿಸುವುದೇ. ಅಂಗಡಿಗೆ ವಾಪಸು ಬರುವ ದಾರಿಯಲ್ಲಿ ಅವರು ಒಂದೇ ಮಾತು ಹೇಳಿದರು. "ಕಿಟ್ಟಿ, ಇದೊಂದು ನನ್ನ ಹೆಸರಲ್ಲಿ ನಿಲ್ಲಬೇಕು ಕಣೋ."

ಆ ಆಷಾಢದ ಮಳೆ ಸಾಮಾನ್ಯದ್ದಲ್ಲ. ಅರ್ಕಾವತಿಯಲ್ಲಿ ನೀರು ಹರಿಯಿತು. ರಾಮನಗರದವರು ಈ ವಾಕ್ಯವನ್ನು ಎರಡು ಸಲ ಓದಲಿ. ಬೆಟ್ಟದ ಬಂಡೆಗಳೆಲ್ಲ ಎಣ್ಣೆ ಹಚ್ಚಿಕೊಂಡು ಅಭ್ಯಂಜನಕ್ಕೆ ಕೂತಂತೆ ಕಾಣುತ್ತಿದ್ದವು. ನಾವು ಹಾಲಿನ ತಗಡಿನ ಕೆಳಗೆ ಏಣಿಯ ಮೇಲಿದ್ದೆವು. ವೈಫೈ ಡಬ್ಬಿಗಳಿಗೆ ತಗಡಿನಲ್ಲಿ ಸ್ಕ್ರೂ ನಿಲ್ಲಲಿಲ್ಲ. ರೆಹಾನಕ್ಕ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ತಮ್ಮ ಮಾವನಿಗೆ ಹೇಳಿ, ಡಬ್ಬಿ ಕೂರುವಂಥ ಮರದ ಬಟ್ಟಲು ಮಾಡಿಸಿದರು. ಅವರು ಸುಮ್ಮನೆ ಬಟ್ಟಲು ಮಾಡುವವರೇ? ಕೆಂಪು ಹಳದಿ ಅರಗು ಹಚ್ಚಿ, ಅಂಚಿಗೆ ಹಸಿರು ಗೆರೆ ಎಳೆದು ಕಳಿಸಿದರು. ಇಡೀ ದೇಶದಲ್ಲಿ ತೊಟ್ಟಿಲ ಮೇಲೆ ತೂಗುಹಾಕಬಹುದಾದ ವೈಫೈ ಇರುವುದು ಅಲ್ಲಿ ಮಾತ್ರ. ಕೆಳಗೆ ನಿಂತ ಮಕ್ಕಳು ಕೈ ಚಾಚುತ್ತಿದ್ದವು.

ಆಮೇಲೆ ಎಲ್ಲ ವೈರುಗಳೂ ಬಂದು ಸೇರುವ ಡಬ್ಬಿ, ಅಂದರೆ ಸ್ವಿಚ್ಚಿನ ಕೆಲಸ. ಒಂದು ನೀಲಿ ಕೇಬಲ್ಲು ಹಾಕಿಕೊಂಡು, ಪೋರ್ಟುಗಳಿಗೆ ಒಂದೊಂದಾಗಿ ಬುದ್ಧಿ ಹೇಳಬೇಕು. ಒಂದು ಮಧ್ಯಾಹ್ನ ಎಲ್ಲ ಪೋರ್ಟುಗಳಿಗೂ ಒಟ್ಟಿಗೇ ಹೇಳಿಬಿಟ್ಟಾಗ ಸರ್ವರ್ ಇದ್ದ ಪೋರ್ಟೂ ಮುಚ್ಚಿಕೊಂಡಿತು. ಅಂದರೆ ಅಜ್ಜಿಯನ್ನೇ ಹೊರಗೆ ನಿಲ್ಲಿಸಿ, "ನಿಮ್ಮನ್ನ ಒಳೀಕೆ ಬುಡಬೋದಾ ಅಂತ ಅಜ್ಜೀನ ಕೇಳ್ಬೇಕು, ಇರಿ" ಎಂದ ಹಾಗೆ. ಅಜ್ಜಿ ಒಳಗಿಲ್ಲ, ಉತ್ತರ ಬರುವುದಿಲ್ಲ, ಬಾಗಿಲು ತೆಗೆಯುವುದಿಲ್ಲ. ಯಾರ ಕೈಯಿಂದ ಆಯಿತು ಎಂಬ ಬಗ್ಗೆ ನನಗೂ ರೆಹಾನಕ್ಕನಿಗೂ ಇವತ್ತಿಗೂ ಒಮ್ಮತವಿಲ್ಲ. ತೂಕದ ಯಂತ್ರದ್ದು ಇನ್ನೊಂದು ತರ. ಅದೂ ನೆಟ್‌ವರ್ಕಿಗೆ ಸೇರಬೇಕು, ಆದರೆ ಹೆಸರು ಹೇಳಲು ಬಾಯಿಲ್ಲ. ಸಾಯಂಕಾಲ ಹಟ್ಟಿಗೆ ಬರುವ ಎಮ್ಮೆಯನ್ನು ಯಾರೂ ಹೆಸರು ಕೇಳುವುದಿಲ್ಲವಲ್ಲ, ಹಾಗೆ ಕಂಪನಿಯವರು ಅದಕ್ಕೆ ಕೊಟ್ಟ ನಂಬರನ್ನೇ ಮುಖ ಎಂದು ಬರೆದುಕೊಂಡು, ಇದು ಬಂದರೆ ಬಿಡು ಎಂದು ಸರ್ವರಿಗೆ ಹೇಳಿದೆವು.

ಕೊನೆಗೆ ರೆಹಾನಕ್ಕ ಒಂದು ನಿಯಮ ಸೇರಿಸಿದರು. ಒಂದು ಹೆಸರಿಗೆ ಒಂದೇ ಫೋನು. ಅದೇ ಹೆಸರು ಇನ್ನೊಂದು ಫೋನಿನಲ್ಲಿ ಬಂದರೆ ಹಳೆಯದು ಹೊರಕ್ಕೆ. "ಇಲ್ಲದಿದ್ದರೆ ಒಬ್ಬನ ಹೆಸರನ್ನ ಹತ್ತು ಜನ ಹಾಕ್ಕೊಳ್ತಾರೆ. ಮತ್ತೆ ಬೋಂಡ ರೇಟಿನ ಕೆಳಗೆ ಬರುತ್ತೆ," ಎಂದರು. ಪ್ರತಿ ರೀಲರಿಗೂ ಅವರವರ ಹೆಸರು, ಪಾಸ್‌ವರ್ಡು ಬರೆದ ಚೀಟಿ ಕೊಟ್ಟೆವು. ಪೀರಾನ್ ಸಾಬರಿಗೆ ಮಾತ್ರ ಮನೆಯಲ್ಲೇ ಪಾಠ. ಸಂಜೆ ಚಹಾ ಕುಡಿಯುತ್ತ ಅವರು ಮಗಳ ಎದುರು ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೇ ಬೆರಳಿನಲ್ಲಿ ತಮ್ಮ ಹೆಸರು, ತಮ್ಮ ಪಾಸ್‌ವರ್ಡು ಒತ್ತುವುದನ್ನು ಕಲಿತರು. ಎಷ್ಟು ಚೆನ್ನಾಗಿ ಕಲಿತರು ಅಂದರೆ ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದರು. ಅಷ್ಟು ಚೆನ್ನಾಗಿ ಕಲಿಸಬಾರದಿತ್ತು.

ಶ್ರಾವಣದ ಮೊದಲ ಹರಾಜು. ಹೊರಗೆ ಜಿಟಿಜಿಟಿ ಮಳೆ. ಹಾಲಿನೊಳಗೆ ಬಿನ್ನಿನ ಸಾಲುಗಳಲ್ಲಿ ಹಳದಿ, ಬಿಳಿ ಗೂಡು. ನಮ್ಮ ಅಜ್ಜಿಯೂ ಕೈಲಾಂಚದಿಂದ ಗೂಡು ತಂದು, ತಡವಾಗಿ ಬಂದದ್ದರಿಂದ ಕಟ್ಟಕಡೆಯ ಬಿನ್ನು ಹಿಡಿದು, ಎಲೆಅಡಿಕೆ ಚೀಲ ಬಿಚ್ಚಿ ಕೂತಿದ್ದಳು. ಬೋರೇಗೌಡರು ಸ್ವಿಚ್ಚಿಗೆ ಕುಂಕುಮ ಇಟ್ಟರು. ಗಾಳಿಯಾಡುವ ಕಿಂಡಿಗೇ ಇಟ್ಟರು. ತೀರ್ಥ ಚಿಮುಕಿಸಲು ಹೊರಟಾಗ ರೆಹಾನಕ್ಕ ಅಡ್ಡ ನಿಂತರು. ನಾವಿಬ್ಬರೂ ಆಫೀಸು ರೂಮಿನಲ್ಲಿ ಸರ್ವರ್ ಮುಂದೆ ಕೂತೆವು. ಹರಾಜಿನ ಗಂಟೆ ಹೊಡೆಯಿತು.

ಮೊದಲನೇ ಲಾಟು ಹೋಯಿತು. ಎರಡನೆಯದಕ್ಕೆ ಹಾಲಿನಲ್ಲಿ ಗುಸುಗುಸು. ಮೂರನೆಯದಕ್ಕೆ ಗಲಾಟೆ.

"ನಂದು ಹೋಯ್ತು."

"ನಂದು ಬಂತು. ಹೇ, ಹೋಯ್ತು ಕಣ್ಲಾ."

"ನಾನ್ ಒತ್ತುವಾಗ್ಲೇ ಹೊರಗಾಕ್ತದಲ್ಲಪ್ಪ ಇದು."

ಒಬ್ಬರ ಫೋನು ಒಳಗೆ ಬಂದರೆ ಇನ್ನೊಬ್ಬರದು ಹೊರಕ್ಕೆ. ಹೊರಗೆ ಬಿದ್ದದ್ದು ತಾನಾಗಿ ಮತ್ತೆ ಒಳಗೆ ನುಗ್ಗಿದರೆ ಮೂರನೆಯವರದು ಹೊರಕ್ಕೆ. ಇಡೀ ಪೇಟೆಯ ರೀಲರುಗಳು ಒಂದೇ ಕುರ್ಚಿಗೆ ಕುರ್ಚಿ ಆಟ ಆಡುತ್ತಿದ್ದರು. ಬೋರೇಗೌಡರು ಬಾಗಿಲಲ್ಲಿ ತಲೆ ಹಾಕಿ, "ಏನಮ್ಮ ಇದು? ಗೂಡು ಒಣಗ್ತಾ ಕೂರಕಾಯ್ತದಾ? ತೂಕ ಇಳೀತದೆ, ರೈತ್ರು ನನ್ ಜುಟ್ಟು ಹಿಡೀತಾರೆ," ಎಂದರು. ಅವರ ತಲೆಯಲ್ಲಿ ಹಿಡಿಯಲು ಒಂದು ಕೂದಲೂ ಇರಲಿಲ್ಲ. ಅದನ್ನು ಹೇಳುವ ಹೊತ್ತಲ್ಲ ಎಂದು ಸುಮ್ಮನಿದ್ದೆ. ನನ್ನ ಜೀವನದಲ್ಲಿ ಅದೊಂದೇ ಸಲ.

ರೆಹಾನಕ್ಕ ಸರ್ವರಿನಲ್ಲಿ ಯಾರು ಬಂದರು, ಯಾರು ಹೋದರು ಎಂಬುದು ಓಡುವ ಪರದೆ ತೆಗೆದರು. ನೋಡಿದರೆ ಇಡೀ ಪರದೆಯಲ್ಲಿ ಒಬ್ಬರೇ.

ಪೀರಾನ್ ಒಳಗೆ. ಪೀರಾನ್ ಹೊರಗೆ. ಪೀರಾನ್ ಒಳಗೆ. ಪೀರಾನ್ ಹೊರಗೆ.

"ನಿಮ್ಮಪ್ಪ ಏನಕ್ಕ, ಗಾಳಿ ತರ ಓಡಾಡ್ತಾವ್ರೆ," ಎಂದೆ.

ರೆಹಾನಕ್ಕ ಎದ್ದು ಕಿಟಕಿಗೆ ಹೋದರು. ನಾನೂ ಹೋದೆ. ಕಂಬದ ಪಕ್ಕದ ಬೆಂಚಿನ ಮೇಲೆ ಪೀರಾನ್ ಸಾಬರು ಕೂತಿದ್ದರು. ಎದುರಿಗೆ ರೀಲರುಗಳ ಸಾಲು. ಒಬ್ಬೊಬ್ಬರೂ ಫೋನು ಮುಂದೆ ಹಿಡಿದು, "ಸಾಬ್ರೇ, ಹೊಸಾದು, ನಿಮ್ ಕೈಲೇ ಬೋಣಿ ಆಗ್ಬುಡ್ಲಿ" ಎನ್ನುತ್ತಿದ್ದರು. ಸಾಬರು ಬಿಸ್ಮಿಲ್ಲಾ ಎಂದು, ಕನ್ನಡಕ ಇಳಿಸಿ, ಒಂದೇ ಬೆರಳಿನಲ್ಲಿ ಮಗಳು ಕಲಿಸಿದ್ದನ್ನು ಅಕ್ಷರ ತಪ್ಪದೆ ಒತ್ತುತ್ತಿದ್ದರು. ತಮ್ಮ ಹೆಸರು. ತಮ್ಮ ಪಾಸ್‌ವರ್ಡು. ಅವರಿಗೆ ಬರುತ್ತಿದ್ದದ್ದು ಅದೊಂದೇ. ಪ್ರತಿಯೊಬ್ಬನ ಜೇಬಿನಲ್ಲೂ ಅವನವನ ಚೀಟಿ ಮಡಿಚಿದ ಹಾಗೇ ಇತ್ತು.

ರೆಹಾನಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಮಗಳ ಕೆಲಸ ಚೆನ್ನಾಗಿ ಆಗಲಿ ಅಂತ ಮಾಡ್ತಿದಾರೆ ಕಣೋ."

"ಹೋಗಿ ಹೇಳಿ ಅಕ್ಕ. ಎಲ್ಲರ್ದೂ ಅಳಿಸಿ, ಅವರವರ ಹೆಸರು ಹಾಕಿದ್ರಾಯ್ತು."

"ಏನಂತ ಹೇಳಲಿ? ಇಷ್ಟು ಜನರ ಮುಂದೆ, ಅಬ್ಬಾ, ನಿಮ್ಮ ಕೈಯಿಂದಲೇ ಕೆಟ್ಟಿದ್ದು ಅಂತಾನಾ? ನಾಳೆಯಿಂದ ಯಾರು ಅವರ ಕೈಲಿ ಒಲೆ ಹಚ್ಚಿಸ್ತಾರೆ?"

ಒಂದು ಹೆಸರಿಗೆ ಒಂದೇ ಫೋನು ಎಂಬ ನಿಯಮ ತೆಗೆದುಬಿಡಿ, ಎಲ್ಲರೂ ಪೀರಾನ್ ಸಾಬರಾಗೇ ಇರಲಿ ಎಂದೆ. ಆಗ ಟೀ ಅಂಗಡಿಯವನೂ ಪೀರಾನ್ ಸಾಬನಾಗುತ್ತಾನೆ, ಕಟಿಂಗ್ ಶಾಪಿನವನೂ ಆಗುತ್ತಾನೆ ಎಂದರು ರೆಹಾನಕ್ಕ. ಅದೂ ಸರಿಯೇ. ಹೊರಗೆ ಬೋರೇಗೌಡರು ಹಳೆಯ ವೈಫೈ ಡಬ್ಬಿ ಎಲ್ಲಿದೆ ಎಂದು ಜವಾನನನ್ನು ಕೇಳುವುದು ಕೇಳಿಸಿತು.

ಟೇಬಲ್ಲಿನ ಮೇಲೆ ಲಾಟು ಕೂಗುವ ಮೈಕು ಇತ್ತು. ಮೈಕು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಎಳೆದುಕೊಂಡೆ.

"ಎಲ್ಲರೂ ಒಸಿ ಕೇಳಿ. ಮಿಷನ್ನು ಸಾಬ್ರ ಬೋಣೀನ ಒಪ್ಕೊಂಡದೆ. ಈಗ ಅದುಕ್ಕೆ ಸಾಬ್ರನ್ನ ಬುಟ್ರೆ ಬೇರೆ ಯಾರೂ ಗೊತ್ತಿಲ್ಲ. ಅದುಕ್ಕೆ ನಿಮ್ಮನ್ನೆಲ್ಲ ಸಾಬ್ರೇ ಪರಿಚಯ ಮಾಡುಸ್ಬೇಕಂತೆ. ಜೇಬಲ್ಲಿರೋ ಚೀಟಿ ತಗೀರಿ, ನಿಮ್ಮ್ ಹೆಸ್ರು ನೀವೇ ಒತ್ತಿ, ಕೊನೇ ಗುಂಡಿ ಮಾತ್ರ ಸಾಬ್ರ ಕೈಲಿ ಒತ್ತುಸ್ಕೊಳಿ. ತಪ್ಪುದ್ರೆ ಮಿಷನ್ನು ಮುನುಸ್ಕೊಳ್ತದೆ."

ರೆಹಾನಕ್ಕ ನನ್ನನ್ನು ನೋಡಿದ ನೋಟಕ್ಕೆ ಹುಳು ಗೂಡಿನೊಳಗೇ ಬೆಂದುಹೋಗುತ್ತಿತ್ತು. ಆದರೆ ಹೊರಗೆ ಒಬ್ಬನೂ ನಗಲಿಲ್ಲ. "ಹಂಗಾ, ಸರಿ ಮತ್ತೆ" ಎಂದು ಜೇಬುಗಳಿಗೆ ಕೈ ಹೋಯಿತು. ಪೀರಾನ್ ಸಾಬರು ಮಾತ್ರ ತಲೆಯೆತ್ತಿ, ಕನ್ನಡಕದ ಮೇಲಿಂದ ಕಿಟಕಿಯ ಕಡೆ ನೋಡಿದರು. ಮಗಳ ಮುಖ ನೋಡಿದರು. ಒತ್ತಲು ಎತ್ತಿದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮುಂದೆ ನಿಂತವನಿಗೆ, "ಕೊಡಪ್ಪ, ನಿನ್ನ ಹೆಸರು ಹಾಕಿದೀಯಾ?" ಎಂದರು.

ಎಲ್ಲರ ಫೋನೂ ಮುಗಿಯುವ ಹೊತ್ತಿಗೆ ಸಾಬರ ಬೆರಳು ಸವೆದು ಅರ್ಧವಾಗಿತ್ತು. ಸರಿ, ಮುಕ್ಕಾಲು ಉಳಿದಿತ್ತು. ಪರದೆಯಲ್ಲಿ ಒಬ್ಬೊಬ್ಬರೇ ತಮ್ಮ ತಮ್ಮ ಹೆಸರಿನಲ್ಲಿ ಬಂದು ಕೂತರು. ಅಫ್ಸರ್ ಒಳಗೆ. ರಾಮಣ್ಣ ಒಳಗೆ. ಮುನ್ನಾ ಒಳಗೆ. ಯಾರೂ ಯಾರನ್ನೂ ತಳ್ಳಲಿಲ್ಲ. ಹರಾಜು ಬಿಟ್ಟಲ್ಲಿಂದ ಶುರುವಾಗಿ ಸರಸರ ಓಡಿತು. ಕಟಿಂಗ್ ಶಾಪಿನಿಂದ ಒಬ್ಬ ಗಿರಾಕಿ ಅರ್ಧ ಗಡ್ಡದಲ್ಲಿ ಬಂದು, ಟಿವಿ ಯಾಕೆ ನಿಂತಿದೆ ಎಂದು ಕೇಳಿಕೊಂಡು ಹೋದ. ರೆಹಾನಕ್ಕ ಆವತ್ತು ಮೊದಲ ಸಲ ನಕ್ಕರು.

ನಗು ಬಹಳ ಹೊತ್ತು ಇರಲಿಲ್ಲ. ಕೊನೆಯ ಲಾಟು ನಮ್ಮ ಅಜ್ಜಿಯದು. ಅಷ್ಟು ಹೊತ್ತಿಗೆ ರೀಲರುಗಳೆಲ್ಲ ತಮಗೆ ಬೇಕಾದಷ್ಟು ಕೊಂಡು ಚೀಲ ಕಟ್ಟಿಸುತ್ತಿದ್ದರು. ಅಜ್ಜಿಯ ಲಾಟಿನ ನಂಬರು ಬೋರ್ಡಿನ ಮೇಲೆ ಮಿನುಗುತ್ತಿತ್ತು, ಮುಂದೆ ಬೆಲೆ ಇಲ್ಲ. ಬೋರೇಗೌಡರು ಗಡಿಯಾರ ನೋಡಿದರು, ರೆಹಾನಕ್ಕನನ್ನು ನೋಡಿದರು. ಒಂದು ಲಾಟು ವಾಪಸು ಹೋದರೂ ಬಿಚ್ಚುವುದೇ ಎಂದದ್ದು ಎಲ್ಲರಿಗೂ ನೆನಪಿತ್ತು.

ಅಜ್ಜಿ ನನ್ನನ್ನು ಕರೆದಳು. "ಏನ್ಲಾ ಕಿಟ್ಟಿ, ಊರ್ನೋರ್ದೆಲ್ಲ ಹೋಯ್ತು, ನಿಮ್ಮಜ್ಜೀದು ಮಾತ್ರ ಜಗ್ಲಿ ಮ್ಯಾಲೆ ಕೂರ್ಸಿದೀಯಾ? ಕಾಪಿನಾರಾ ಕೊಡುಸ್ಲಾ."

"ಇರು ಅಜ್ಜಿ, ಯಾರಾದ್ರೂ ಕೂಗ್ತಾರೆ."

"ಯಾರೂ ಉಳ್ದಿಲ್ವಲ್ಲೋ. ಆ ಸಾಬ್ರು ಒಬ್ರು ಬೆಳಿಗ್ಗಿಂದ ಒಂದ್ ಗೂಡೂ ಕೊಂಡಿಲ್ಲ, ಊರ್ನೋರ ಗುಂಡಿ ಒತ್ತೋದೇ ಆಯ್ತು."

ನಿಜ. ಬೆಳಗಿನಿಂದ ಎಲ್ಲರ ಬೋಣಿ ಮಾಡಿದ ಪೀರಾನ್ ಸಾಬರು ತಮ್ಮದೇ ಫೋನು ಜೇಬಿನಿಂದ ತೆಗೆದಿರಲಿಲ್ಲ. ಅವರು ಬೆಂಚಿನಿಂದ ಎದ್ದು ಅಜ್ಜಿಯ ಬಿನ್ನಿನ ಹತ್ತಿರ ಬಂದರು. ಒಂದು ಹಿಡಿ ಗೂಡು ತೆಗೆದು ಬೆಳಕಿಗೆ ಹಿಡಿದರು, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು.

"ಅಮ್ಮ, ಹುಳ ಚೆನ್ನಾಗಿ ಸಾಕಿದೀರ," ಎಂದರು ಅಜ್ಜಿಗೆ.

"ಸಾಕ್ದೆ ಇರಕ್ಕಾಯ್ತದಾ ಸಾಬ್ರೇ? ನಿಮ್ ಕೈ ಹುಲ್ಲು ತಿಂದ ಎಮ್ಮೆ ಹಾಲು ಕುಡ್ದು ಸಾಕಿವ್ನಿ," ಎಂದಳು ಅಜ್ಜಿ.

ಸಾಬರು ಫೋನು ತೆಗೆದರು. ರೆಹಾನಕ್ಕ ಓಡಿಬಂದು ಪಕ್ಕದಲ್ಲಿ ನಿಂತರು. ಎಲ್ಲರೂ ಆ ಸವೆದ ಬೆರಳನ್ನೇ ನೋಡುತ್ತಿದ್ದೆವು. ಕಣ್ಣು ಮುಚ್ಚಿ ಒತ್ತುವಷ್ಟು ಕಲಿತ ಅದೇ ಹೆಸರು, ಅದೇ ಪಾಸ್‌ವರ್ಡು. ಆದರೆ ಅವರು ಒತ್ತಲಿಲ್ಲ. ಫೋನನ್ನು ಮಗಳ ಮುಂದೆ ಹಿಡಿದರು, ಬೆಳಗಿನಿಂದ ಎಲ್ಲರೂ ತಮ್ಮ ಮುಂದೆ ಹಿಡಿದ ಹಾಗೇ.

"ನಂದು ನಿನ್ನ ಕೈಲಿ ಆಗಲಿ ಬೇಟಾ."

"ಅಬ್ಬಾ, ನಿಮಗೆ ಬರುತ್ತಲ್ಲ."

"ಬರುತ್ತೆ. ಎಲ್ಲರಿಗೂ ನಾನು ಮಾಡಿದೆ. ನನಗೆ ಮಾಡೋರು ಯಾರು?" ಆಮೇಲೆ ನನ್ನ ಕಡೆ ಓರೆಗಣ್ಣು ಬಿಟ್ಟು, "ಮಿಷನ್ನು ಮುನಿಸಿಕೊಳ್ಳುತ್ತಂತೆ. ಈ ಹುಡುಗ ಹೇಳಿದಾನೆ. ಈ ವಯಸ್ಸಿಗೇ ಇಷ್ಟು ಚೆನ್ನಾಗಿ ಸುಳ್ಳು ಹೇಳೋ ಹುಡುಗನನ್ನ ನಾನು ನೋಡಿಲ್ಲ," ಎಂದರು.

ರೆಹಾನಕ್ಕನಿಗೆ ಎರಡು ಸಲ ಅಕ್ಷರ ತಪ್ಪಿತು. ಸ್ವಿಚ್ಚಿಗೆ ಪುಟಗಟ್ಟಲೆ ಬುದ್ಧಿ ಹೇಳಿದವರಿಗೆ ತಮ್ಮ ಅಪ್ಪನ ಹೆಸರು ಒತ್ತಲು ಬರಲಿಲ್ಲ. ಕಣ್ಣಲ್ಲಿ ಮಳೆನೀರು ಬಿದ್ದಿತ್ತಂತೆ. ಹಾಲಿನ ತಗಡು ಆ ಜಾಗದಲ್ಲಿ ಸೋರುತ್ತಿರಲಿಲ್ಲ. ಮೂರನೇ ಸಲಕ್ಕೆ ಫೋನು ಒಳಗೆ ಹೋಯಿತು.

ಸಾಬರು ಬೆಲೆ ಒತ್ತಿದರು. ಬೋರ್ಡಿನ ಮೇಲೆ ಅಂಕಿ ಬಂತು. ಅಜ್ಜಿ ಎಲೆಅಡಿಕೆ ಅಗಿಯುತ್ತ ಬೋರ್ಡು ನೋಡಿದಳು, ಸಾಬರನ್ನು ನೋಡಿದಳು.

"ಇನ್ನೊಸಿ ಹಾಕಿ ಸಾಬ್ರೇ."

ಬೇರೆ ಯಾರೂ ಕೂಗುವವರಿರಲಿಲ್ಲ. ಪೀರಾನ್ ಸಾಬರು ತಮ್ಮ ಬೆಲೆಯ ಮೇಲೆ ತಾವೇ ಕೂಗಿದರು. ಅಜ್ಜಿ ಅಗಿಯುವುದನ್ನು ನಿಲ್ಲಿಸಲಿಲ್ಲ. ಇನ್ನೊಮ್ಮೆ ಕೂಗಿದರು. ಬೋರೇಗೌಡರು, "ಸಾಕು ಕಣಜ್ಜಿ, ಆವಪ್ಪನ್ ಒಲೇನೂ ಬರುಸ್ಕೊಂಡೋಗ್ಬುಟ್ಟೀಯೆ," ಎಂದಾಗ ಅಜ್ಜಿ ಕೈ ಒರೆಸಿಕೊಂಡು ಒಪ್ಪಿದಳು.

ಲಾಟು ತೂಕಕ್ಕೆ ಹೋಯಿತು. ಬಾಯಿಲ್ಲದ ಯಂತ್ರ ತನ್ನ ಪೋರ್ಟಿನಲ್ಲಿ ಎಮ್ಮೆಯಂತೆ ನಿಂತು ತೂಗಿತು. ಬೋರೇಗೌಡರು ಹಳೆಯ ವೈಫೈ ಡಬ್ಬಿಯನ್ನು ಜವಾನನಿಗೆ ಕೊಟ್ಟು, ಗುಜರಿಗೆ ಹಾಕು ಎಂದರು. ರೆಹಾನಕ್ಕನ ಕಡೆ ತಿರುಗಿ, "ನಮ್ಮ ಕುದೂರಿನ ಗೋಡೌನಿಗೂ ಇಂಥದ್ದೇ ಬೇಕಲ್ಲಮ್ಮ," ಎಂದು ಗೊಣಗಿದರು. ಅವರ ಬಾಯಲ್ಲಿ ಶಭಾಷ್ ಎಂಬುದು ಹಾಗೇ ಬರುತ್ತದೆ.

ನಾನು ಆಫೀಸು ರೂಮಿಗೆ ಹೋಗಿ ಸರ್ವರ್ ಪರದೆ ನೋಡಿದೆ. ಬೆಳಗಿನಿಂದ ಪುಟಗಟ್ಟಲೆ ಓಡಾಡಿದ್ದ ಹೆಸರು ಈಗ ಕೊನೆಯ ಸಾಲಿನಲ್ಲಿ ಒಂದೇ ಒಂದು ಸಲ ಇತ್ತು. ಪೀರಾನ್ ಒಳಗೆ. ಹಾಲಿಗೆ ಬೀಗ ಹಾಕುವವರೆಗೂ ಅಪ್ಪ ಮಗಳು ಆ ಬೆಂಚಿನ ಮೇಲೆ ಕೂತಿದ್ದರು. ಅಷ್ಟು ಹೊತ್ತೂ ಅದರ ಕೆಳಗೆ ಪೀರಾನ್ ಹೊರಗೆ ಎಂಬ ಸಾಲು ಬರಲಿಲ್ಲ.